ಬ್ರೇಕ್ ಕಿರಿಚುತ್ತಿದೆಯೇ? ಮೊದಲು ಕಿವಿಗೊಡಿ, ಆಮೇಲೆ ಗಾಲಿ ಬಿಚ್ಚಿ

ಆಟಿ ತಿಂಗಳ ಮಳೆ ರಾತ್ರಿಯಿಡೀ ಸುರಿದು ಬೆಳಗ್ಗೆ ಸ್ವಲ್ಪ ಬಿಟ್ಟಿರುತ್ತದೆ. ಕಾರು ಹೊರಗೆ ತೆಗೆದು ಗೇಟಿನ ಹತ್ತಿರ ಬ್ರೇಕ್ ಒತ್ತಿದ ಕೂಡಲೇ ಮುಂದಿನ ಗಾಲಿಗಳಿಂದ ‘ಗರ್ರ್’ ಎಂಬ ಸದ್ದು. ಪಕ್ಕದ ಮನೆಯವರು ಅಂಗಳದಿಂದಲೇ ಕೇಳುತ್ತಾರೆ: “ಎಂತ ಶಬ್ದ ಮಾರಾಯ್ರೇ ಅದು? ಬ್ರೇಕ್ ಹೋಗಿದೆಯಾ?”

ಹೋಗಿಲ್ಲ. ಗಾಲಿಯ ಜೊತೆ ತಿರುಗುವ ತಟ್ಟೆ, ಅಂದರೆ ಬ್ರೇಕ್ ಡಿಸ್ಕ್, ಎರಕದ ಕಬ್ಬಿಣದ್ದು. ಬ್ರೇಕ್ ಒತ್ತಿದಾಗ ಅದನ್ನು ಎರಡೂ ಬದಿಯಿಂದ ಅಮುಕಿ ಹಿಡಿಯುವುದು ಪ್ಯಾಡ್. ಪ್ಯಾಡ್ ಉಜ್ಜುವ ಮೈಗೆ ಬಣ್ಣವಿಲ್ಲ, ಎಣ್ಣೆಯಿಲ್ಲ, ಇರಲೂಬಾರದು. ನಮ್ಮ ಕರಾವಳಿಯ ಒದ್ದೆ ಗಾಳಿಗೆ ಒಂದೇ ರಾತ್ರಿಯಲ್ಲಿ ಅದರ ಮೇಲೆ ಕಿತ್ತಳೆ ಬಣ್ಣದ ತೆಳು ತುಕ್ಕು ಹಿಡಿಯುತ್ತದೆ. ನಾಲ್ಕೈದು ಸಲ ಬ್ರೇಕ್ ಒತ್ತುವಷ್ಟರಲ್ಲಿ ಪ್ಯಾಡೇ ಅದನ್ನು ಕೆರೆದು ತೆಗೆಯುತ್ತದೆ, ಸದ್ದೂ ನಿಲ್ಲುತ್ತದೆ. ಮಳೆಗಾಲದಲ್ಲಿ ಎರಡು ದಿನ ನಿಂತ ಕಾರಿನಲ್ಲಿ, ಮಲ್ಪೆಯ ಮರಳಿನಲ್ಲಿ ಓಡಾಡಿ ಬಂದ ಕಾರಿನಲ್ಲಿ ಇದು ಇನ್ನೂ ಜೋರು. ಇದಕ್ಕೆ ಹೆದರಿ ಪ್ಯಾಡ್ ಬದಲಿಸಿದವರನ್ನು ನಾನು ನೋಡಿದ್ದೇನೆ. ಹಾಗೆಯೇ, ‘ಮಳೆಗೆ ಹೀಗೇ ಆಗ್ತದೆ’ ಎಂದುಕೊಂಡು ನಿಜವಾಗಿ ಸವೆದ ಪ್ಯಾಡಿನಲ್ಲೇ ತಿಂಗಳುಗಟ್ಟಲೆ ಓಡಿಸಿ ಡಿಸ್ಕನ್ನೂ ಹಾಳು ಮಾಡಿಕೊಂಡವರನ್ನೂ ನೋಡಿದ್ದೇನೆ. ಆದ್ದರಿಂದ ಪಾನಾ ಕೈಗೆತ್ತಿಕೊಳ್ಳುವ ಮೊದಲು ಸದ್ದಿನ ಗುರುತು ಹಿಡಿಯಬೇಕು.

ಸದ್ದು ಎಲ್ಲಿಂದ, ಯಾವಾಗ

ಉದ್ದದ ಕಾಂಪೌಂಡ್ ಗೋಡೆ ಇರುವ ಖಾಲಿ ಓಣಿ ಹುಡುಕಿ. ಕಿಟಕಿ ಗಾಜು ಪೂರ್ತಿ ಇಳಿಸಿ, ರೇಡಿಯೋ, ಎ.ಸಿ. ಎರಡೂ ಆರಿಸಿ, ಗೋಡೆಗೆ ಹತ್ತಿರವಾಗಿ 20 ಕಿ.ಮೀ. ವೇಗದಲ್ಲಿ ಹೋಗಿ. ಗಾಲಿಯ ಸದ್ದು ಗೋಡೆಗೆ ಬಡಿದು ನೇರ ನಿಮ್ಮ ಕಿವಿಗೇ ಬರುತ್ತದೆ. ಹೋಗುವಾಗ ಒಂದು ಬದಿ, ತಿರುಗಿ ಬರುವಾಗ ಇನ್ನೊಂದು ಬದಿ. ಬ್ರೇಕ್ ಮುಟ್ಟದೆ ಒಮ್ಮೆ, ಹಗುರವಾಗಿ ಒತ್ತಿ ಒಮ್ಮೆ, ಗಟ್ಟಿಯಾಗಿ ಒತ್ತಿ ಒಮ್ಮೆ. ಹಿಂದಿನ ಸೀಟಿನಲ್ಲಿ ಇನ್ನೊಬ್ಬರು ಕುಳಿತು ಕೇಳಿದರೆ ಸದ್ದು ಮುಂದಿನದೋ ಹಿಂದಿನದೋ ಎಂಬುದೂ ತೀರ್ಮಾನವಾಗುತ್ತದೆ.

ಬ್ರೇಕ್ ಒತ್ತದಿದ್ದರೂ ಗಾಲಿ ತಿರುಗಿದಂತೆ ‘ಚರ್ ಚರ್’ ಎಂದು ತಗಡು ಉಜ್ಜುವ ಸದ್ದು ಬಂದರೆ, ಡಿಸ್ಕಿನ ಹಿಂದಿರುವ ತೆಳು ತಗಡಿನ ಕವಚಕ್ಕೂ ಡಿಸ್ಕಿಗೂ ನಡುವೆ ಜಲ್ಲಿಯ ಚೂರೊಂದು ಸಿಕ್ಕಿರುವ ಸಾಧ್ಯತೆ ಹೆಚ್ಚು. ಮುರಕಲ್ಲಿನ ಮಣ್ಣು ರಸ್ತೆಯಲ್ಲಿ, ಕಾಮಗಾರಿ ನಡೆಯುವ ಹೆದ್ದಾರಿಯ ಬದಿಯಲ್ಲಿ ಓಡಿದ ಮೇಲೆ ಇದು ಸಾಮಾನ್ಯ. ನಿಧಾನವಾಗಿ ಸ್ವಲ್ಪ ದೂರ ರಿವರ್ಸ್ ಹೋದರೆ ಕಲ್ಲು ತಾನಾಗಿ ಉದುರುವುದುಂಟು. ಇಲ್ಲವಾದರೆ ಗಾಲಿ ಬಿಚ್ಚಿ ಕವಚವನ್ನು ಬೆರಳಿನಿಂದ ಚೂರು ಹಿಂದಕ್ಕೆ ಬಗ್ಗಿಸಿದರೆ ಸಾಕು.

‘ಕೀಂಯ್’ ಎಂದು ಸೂಜಿಯಂಥ ಸಪೂರ ಸದ್ದು ದಿನವೂ ಬರುತ್ತಿದ್ದರೆ, ಬಿಸಿಲಿನ ದಿನವೂ ಬಿಡದಿದ್ದರೆ, ಅದು ಪ್ಯಾಡೇ ನಿಮ್ಮನ್ನು ಕರೆಯುತ್ತಿರುವುದು. ಹಲವು ಪ್ಯಾಡುಗಳ ಬದಿಯಲ್ಲಿ ಚಿಕ್ಕ ಉಕ್ಕಿನ ನಾಲಿಗೆ ಇರುತ್ತದೆ. ಪ್ಯಾಡ್ 2-3 ಮಿ.ಮೀ.ಗೆ ಇಳಿದಾಗ ಆ ನಾಲಿಗೆ ಡಿಸ್ಕಿಗೆ ತಾಗಿ ಕಿರಿಚುವಂತೆಯೇ ಅದನ್ನು ಮಾಡಿರುತ್ತಾರೆ. ಈ ಹಂತದಲ್ಲಿ ಬದಲಿಸಿದರೆ ಖರ್ಚು ಪ್ಯಾಡಿಗೆ ಮಾತ್ರ.

ಪ್ಯಾಡಿನಲ್ಲಿ ಇನ್ನೂ ಸಾಕಷ್ಟು ದಪ್ಪವಿದ್ದು, ಕಾರು ನಿಲ್ಲುವ ಕೊನೆಯ ಎರಡು ಮಾರಿನಲ್ಲಿ ಮಾತ್ರ ಕೀಚಲು ಸದ್ದು ಬಂದರೆ ಪ್ಯಾಡಿನ ಮೈ ಕಾದು ಗಾಜಿನಂತೆ ನುಣುಪಾಗಿರಬಹುದು, ಹಿಂಬದಿಯ ಶಿಮ್ ತಗಡು ಬಿದ್ದುಹೋಗಿರಬಹುದು ಅಥವಾ ಪ್ಯಾಡ್ ಕೂರುವ ಕ್ಲಿಪ್ಪಿನ ಸಂದಿಯಲ್ಲಿ ಮಣ್ಣು ಕಟ್ಟಿರಬಹುದು. ಗುಂಡಿಗೆ ಇಳಿದಾಗ, ಮೊದಲ ಸಲ ಬ್ರೇಕ್ ಒತ್ತಿದಾಗ ‘ಟಕ್’ ಎಂದರೆ ಕ್ಲಿಪ್ ಸಡಿಲ ಅಥವಾ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಬೋಲ್ಟ್ ಸಡಿಲ. ಎರಡನೆಯದು ಅಪಾಯ, ಅದೇ ದಿನ ನೋಡಬೇಕು.

ಬ್ರೇಕ್ ಒತ್ತಿದಾಗಲೆಲ್ಲ ‘ಕರಕರ’ ಎಂದು ಕಬ್ಬಿಣಕ್ಕೆ ಕಬ್ಬಿಣ ಮಸೆದಂತಾಗಿ ಪೆಡಲಿನಲ್ಲೂ ಆ ಒರಟುತನ ಕಾಲಿಗೆ ತಿಳಿದರೆ ಕಾರನ್ನು ಅಲ್ಲಿಗೇ ನಿಲ್ಲಿಸಿ. ಪ್ಯಾಡ್ ಮುಗಿದು ಅದರ ಉಕ್ಕಿನ ಬೆನ್ನು ಡಿಸ್ಕನ್ನು ಕೊರೆಯುತ್ತಿದೆ ಎಂದರ್ಥ. ಹಾಗೆ ಓಡಿಸಿದ ಒಂದೊಂದು ಕಿಲೋಮೀಟರಿಗೂ ಡಿಸ್ಕ್ ಹಾಳಾಗುತ್ತದೆ, ಕಾರು ನಿಲ್ಲಲು ಬೇಕಾಗುವ ದೂರವೂ ಬೆಳೆಯುತ್ತದೆ.

ಇನ್ನೆರಡು ವಿಷಯಗಳಲ್ಲಿ ಗೊಂದಲ ಬೇಡ. ಮಳೆಯಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಕಾಲಿನ ಕೆಳಗೆ ‘ಗಡಗಡ’ ಎಂದು ಪೆಡಲ್ ನಡುಗಿದರೆ ಅದು ಗಾಲಿ ಸಿಕ್ಕಿಕೊಂಡು ಜಾರದಂತೆ ತಡೆಯುವ ಎ.ಬಿ.ಎಸ್. ತನ್ನ ಕೆಲಸ ಮಾಡುತ್ತಿರುವುದು. 2019ರ ಏಪ್ರಿಲ್‌ನಿಂದ ನಮ್ಮಲ್ಲಿ ಮಾರಾಟವಾಗುವ ಹೊಸ ಕಾರುಗಳಿಗೆ ಅದು ಕಡ್ಡಾಯ. ಕಾಲು ತೆಗೆಯಬೇಡಿ, ಒತ್ತಿಯೇ ಹಿಡಿಯಿರಿ. ಇನ್ನೊಂದು, ಘಾಟಿ ಇಳಿದಾಗಿನ ತೊಂದರೆ. ಆಗುಂಬೆಯ 14 ತಿರುವುಗಳನ್ನು ಬ್ರೇಕ್ ಮೇಲೆಯೇ ಇಳಿದು ಸೋಮೇಶ್ವರ ಮುಟ್ಟುವಷ್ಟರಲ್ಲಿ ಸುಟ್ಟ ವಾಸನೆ ಬಂದು ಪೆಡಲ್ ಸ್ಪಂಜಿನಂತಾದರೆ ಅದು ಪ್ಯಾಡ್ ಸವೆತವಲ್ಲ, ಶಾಖ. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯದೆ ನಿಲ್ಲಬೇಕು ಎಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ನಮ್ಮ ಊರಿನ ಹವೆಗೆ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದನ್ನು ಯಾರೂ ಮುಂದೂಡಬಾರದು. ಹತ್ತುವಾಗ ಯಾವ ಗೇರ್ ಬೇಕಿತ್ತೋ ಅದೇ ಗೇರಿನಲ್ಲಿ ಇಳಿಯಿರಿ.

ಬದಲಿಸಲೇಬೇಕೇ?

ಅಲಾಯ್ ಗಾಲಿಯಾದರೆ ಕಡ್ಡಿಗಳ ನಡುವೆ ಟಾರ್ಚ್ ಬಿಟ್ಟರೆ ಹೊರಗಿನ ಪ್ಯಾಡ್ ಕಾಣುತ್ತದೆ. ಉಕ್ಕಿನ ಹಲಗೆಯನ್ನು ಬಿಟ್ಟು, ಅದರ ಮೇಲಿನ ಕಪ್ಪು-ಬೂದು ವಸ್ತುವಿನ ದಪ್ಪವನ್ನಷ್ಟೇ ಲೆಕ್ಕ ಹಿಡಿಯಬೇಕು. ಹೊಸತರಲ್ಲಿ ಸುಮಾರು 10 ಮಿ.ಮೀ. ಇರುತ್ತದೆ, 3 ಮಿ.ಮೀ. ಆದರೆ ಬದಲಿಸಬೇಕು. ಬೆಂಕಿಕಡ್ಡಿಯ ದಪ್ಪ ಸುಮಾರು 2 ಮಿ.ಮೀ., ಒಂದೂವರೆ ಕಡ್ಡಿಯಷ್ಟು ಉಳಿದಿದ್ದರೆ ಕಾಲ ಬಂತು ಎಂದು ತಿಳಿಯಿರಿ. ಆದರೆ ಹೊರಗಿನ ಪ್ಯಾಡ್ ನೋಡಿ ಸಮಾಧಾನ ಪಡಬೇಡಿ.

ಇದು ನನಗೇ ಆದದ್ದು. ಗ್ಯಾರೇಜೊಂದರಲ್ಲಿ ಮುಂದಿನ ಎರಡೂ ಗಾಲಿಗೆ ಹೊಸ ಪ್ಯಾಡ್ ಹಾಕಿಸಿದ್ದೆ. ಒಂದು ಮಳೆಗಾಲ ಕಳೆಯಿತು, ಐದು ತಿಂಗಳೂ ಆಗಿರಲಿಲ್ಲ, ಎಡಗಾಲಿಯಲ್ಲಿ ಮತ್ತೆ ಕಿರಿಚಾಟ. ಹೊರಗಿನಿಂದ ಟಾರ್ಚ್ ಬಿಟ್ಟು ನೋಡಿದರೆ ಪ್ಯಾಡ್ ದಪ್ಪಗೆ, ಹೊಸದರಂತೆಯೇ ಇತ್ತು. ಬಿಚ್ಚಿದಾಗ ಕಂಡದ್ದು ಬೇರೆ: ಹೊರಗಿನ ಪ್ಯಾಡ್ 7 ಮಿ.ಮೀ., ಒಳಗಿನದು ಕೆಳತುದಿಯಲ್ಲಿ ಬಹುತೇಕ ಉಕ್ಕಿನ ಹಲಗೆಗೇ ಮುಟ್ಟಿತ್ತು. ಕ್ಯಾಲಿಪರ್ ಜಾರುವ ಎರಡು ಪಿನ್ನುಗಳಲ್ಲಿ ಕೆಳಗಿನದರ ರಬ್ಬರ್ ಬೂಟು ಹರಿದು ನೀರು ಒಳಹೊಕ್ಕಿತ್ತು. ಪಿನ್ನನ್ನು ತಿರುಚಿ ತಿರುಚಿ ಎಳೆದಾಗ ಹೊರಬಂದದ್ದು ಕಂದು ಪುಡಿ ಮೆತ್ತಿದ, ಹಳೆಯ ಬಾವಿಯ ಕೊಕ್ಕೆಯಂಥ ಸಲಾಕೆ. ಪ್ಯಾಡ್ ಹಾಕಿದವರು ಅದನ್ನು ಎಳೆದು ನೋಡಿರಲೇ ಇಲ್ಲ.

ನಮ್ಮ ಊರಿನ ಬ್ರೇಕ್ ಕೆಲಸದ ತಿರುಳು ಇರುವುದೇ ಇಲ್ಲಿ. ಸಾಮಾನ್ಯ ಕಾರಿನ ಕ್ಯಾಲಿಪರಿಗೆ ಪಿಸ್ಟನ್ ಇರುವುದು ಒಳಬದಿಯಲ್ಲಿ ಮಾತ್ರ. ಅದು ಒಳಗಿನ ಪ್ಯಾಡನ್ನು ತಳ್ಳುತ್ತದೆ. ಆಗ ಇಡೀ ಕ್ಯಾಲಿಪರ್ ಪಿನ್ನಿನ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಡಿಸ್ಕಿಗೆ ಎಳೆದು ಹಿಡಿಯುತ್ತದೆ. ಪಿನ್ ಜಾರದಿದ್ದರೆ ಒಳಗಿನ ಪ್ಯಾಡೊಂದೇ ದುಡಿದು ಸಾಯುತ್ತದೆ. ಉಪ್ಪುಗಾಳಿ, ಆರು ತಿಂಗಳ ಒದ್ದೆ, ಕೆಂಪು ಕೆಸರು, ಈ ಮೂರೂ ಸೇರಿ ಮೊದಲು ಹಿಡಿಯುವುದು ಆ ಪಿನ್ನನ್ನೇ. ಪ್ಯಾಡ್ ಬದಲಿಸುವುದು ಅರ್ಧ ಕೆಲಸ, ಪಿನ್ ಮತ್ತು ಕ್ಲಿಪ್ಪಿನ ಜಾಗ ಶುಚಿ ಮಾಡುವುದು ಉಳಿದರ್ಧ.

ಯಾರು ಮನೆಯಲ್ಲಿ ಮಾಡಬಾರದು

ಸ್ವಿಚ್ ಒತ್ತಿದರೆ ಹಿಡಿಯುವ ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಇದ್ದು ಹಿಂದೆಯೂ ಡಿಸ್ಕ್ ಇದ್ದರೆ ಹಿಂದಿನ ಗಾಲಿಗೆ ಕೈಹಾಕಬೇಡಿ. ಅದರ ಮೋಟಾರನ್ನು ಸರ್ವಿಸ್ ಸ್ಥಿತಿಗೆ ತಂದ ಮೇಲಷ್ಟೇ ಪಿಸ್ಟನ್ ಹಿಂದೆ ಸರಿಯುತ್ತದೆ. ಹಿಂದಿನ ಡ್ರಮ್ ಬ್ರೇಕಿನ ಲೈನರ್ ಕೆಲಸವೂ ಬೇರೆಯೇ, ಇಲ್ಲಿ ಹೇಳುತ್ತಿರುವುದು ಮುಂದಿನ ಡಿಸ್ಕ್ ಮಾತ್ರ. ಆಯಿಲ್ ಸೋರಿಕೆ, ಬಿರುಕು ಬಿಟ್ಟ ಹೋಸ್, ಪಿಸ್ಟನ್ ಸುತ್ತ ಹರಿದ ರಬ್ಬರ್ ಕಂಡರೆ ಅಲ್ಲಿಗೆ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಯಿರಿ. ಜೀವ ನಿಂತಿರುವ ಕೆಲಸವಿದು, ಸಂಶಯ ಇದ್ದಲ್ಲಿ ಬಿಗುಮಾನ ಬೇಡ.

ಸಾಮಾನು

ಪ್ಯಾಡ್ ಕೊಳ್ಳುವಾಗ ಕಾರಿನ ಹೆಸರು ಹೇಳಿದರೆ ಸಾಲದು. ಒಂದೇ ಕಾರಿಗೆ ವರ್ಷ, ಎಂಜಿನ್ ಬದಲಾದಂತೆ ಪ್ಯಾಡೂ ಬದಲಾಗುತ್ತದೆ. ಆರ್‌.ಸಿ. ಪ್ರತಿ ಒಯ್ದು ಚಾಸಿಸ್ ನಂಬರ್ ತೋರಿಸಿ. ಒಂದು ಪೆಟ್ಟಿಗೆಯಲ್ಲಿ ನಾಲ್ಕು ಪ್ಯಾಡ್, ಅಂದರೆ ಎಡ-ಬಲ ಎರಡಕ್ಕೂ ಆಗುವಷ್ಟು ಇರುತ್ತದೆ. ಒಂದೇ ಬದಿಗೆ ಹಾಕಿದರೆ ಬ್ರೇಕ್ ಒತ್ತಿದಾಗ ಕಾರು ಪಕ್ಕಕ್ಕೆ ಎಳೆಯುತ್ತದೆ. ಕಾರು ತಯಾರಕರದೇ ಪ್ಯಾಡ್ ಅಥವಾ ಹೆಸರುಳ್ಳ ಕಂಪನಿಯದು, ಬಿಲ್ಲಿನ ಸಮೇತ ಕೊಳ್ಳಿ. ಬಿಲ್ ಇಲ್ಲದ ಅಗ್ಗದ ಪೆಟ್ಟಿಗೆಯ ಮೇಲೆ ನಾನು ಮನೆಯವರನ್ನು ಕೂರಿಸಿ ಘಾಟಿ ಇಳಿಯಲಾರೆ. ಕ್ಲಿಪ್ಪುಗಳ ಸೆಟ್ ಬೇರೆ ಸಿಗುವುದಾದರೆ ಅದನ್ನೂ ತನ್ನಿ, ಪಿನ್ನಿನ ರಬ್ಬರ್ ಬೂಟನ್ನೂ.

ಜಾಕ್, ಒಂದು ಜೊತೆ ಜಾಕ್ ಸ್ಟ್ಯಾಂಡ್, ವೀಲ್ ಸ್ಪ್ಯಾನರ್, ಸಾಕೆಟ್ ಮತ್ತು ರಿಂಗ್ ಸ್ಪ್ಯಾನರ್ ಸೆಟ್, ಬಡಗಿಗಳು ಬಳಸುವ ಸಿ-ಕ್ಲಾಂಪ್, ತಂತಿ ಬ್ರಷ್, ಬ್ರೇಕ್ ಕ್ಲೀನರ್ ಸ್ಪ್ರೇ, ಹಳೆಯ ಬಟ್ಟೆ, ಗಟ್ಟಿ ಹಗ್ಗದ ತುಂಡು, ಮಾಸ್ಕ್. ಟಾರ್ಕ್ ರೆಂಚ್ ಸಿಕ್ಕಿದರೆ ಬಹಳ ಒಳ್ಳೆಯದು, ಎಷ್ಟು ಬಿಗಿಯಬೇಕೆಂಬುದು ನಿಮ್ಮ ಕಾರಿನ ಪುಸ್ತಕದಲ್ಲಿರುತ್ತದೆ. ಗ್ರೀಸ್ ಮಾತ್ರ ಬ್ರೇಕಿಗೆಂದೇ ಇರುವ ಸಿಲಿಕೋನ್ ಗ್ರೀಸ್ ಆಗಿರಬೇಕು. ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಂಡು ಪಿನ್ ಮತ್ತಷ್ಟು ಬಿಗಿಯಾಗುತ್ತದೆ.

ಬಿಚ್ಚುವುದು

ಮಂಗಳೂರಿನಲ್ಲಿ ಮೊದಲ ತೊಂದರೆ ಸಮತಟ್ಟು ಜಾಗದ್ದೇ. ಗುಡ್ಡದ ಮನೆಗಳ ಅಂಗಳ ಗೇಟಿನ ಕಡೆಗೆ ಇಳಿಜಾರಾಗಿರುತ್ತದೆ, ಅಲ್ಲಿ ಜಾಕ್ ಹಾಕಲೇಬಾರದು. ಸಮತಟ್ಟಾದ ಕಾಂಕ್ರೀಟ್ ನೆಲ ಬೇಕು. ಮಳೆಗೆ ನೆನೆದ ಮಣ್ಣಿನಂಗಳದಲ್ಲಿ ಜಾಕ್ ಹೂತುಹೋಗುತ್ತದೆ, ಹಲಗೆ ಇಟ್ಟರೂ ನಂಬಲಾಗದು. ಅಂಥ ಜಾಗವಿಲ್ಲದಿದ್ದರೆ ಇರುವವರ ಮನೆಗೆ ಕಾರು ಒಯ್ಯಿರಿ.

ಮೊದಲ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಗಾಲಿಗಳ ಹಿಂದೆ-ಮುಂದೆ ಮುರಕಲ್ಲಿನ ತುಂಡು ಕೊಡಿ. ಕಾರು ಎತ್ತುವ ಮೊದಲೇ ವೀಲ್ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ. ಕಾರಿನ ಪುಸ್ತಕದಲ್ಲಿ ತೋರಿಸಿದ ಜಾಗದಲ್ಲೇ ಜಾಕ್ ಹಾಕಿ ಎತ್ತಿ ಸ್ಟ್ಯಾಂಡ್ ಕೊಡಿ, ಬಿಚ್ಚಿದ ಗಾಲಿಯನ್ನು ಅಡ್ಡ ಮಲಗಿಸಿ ಕಾರಿನಡಿ ಜಾರಿಸಿ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಕೈಯನ್ನೂ ಹಾಕಬಾರದು. ಒಂದು ಬದಿ ಪೂರ್ತಿ ಮುಗಿಸಿದ ಮೇಲೆಯೇ ಇನ್ನೊಂದು ಬದಿ. ಜೋಡಣೆ ಮರೆತರೆ ಬಿಚ್ಚದ ಬದಿ ನೋಡಿಕೊಳ್ಳಬಹುದು. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಸ್ಟೀರಿಂಗ್ ತಿರುಗಿಸಿ ಕ್ಯಾಲಿಪರಿನ ಹಿಂಬದಿ ನಿಮ್ಮ ಕಡೆ ಬರುವಂತೆ ಮಾಡಿ. ಮಸಿಯಂಥ ಪುಡಿಯನ್ನು ಊದಬೇಡಿ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕ್ ಹಾಕಿ, ಕ್ಲೀನರ್ ಸಿಂಪಡಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ. ಬಾನೆಟ್ ತೆರೆದು ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಸಡಿಲಿಸಿ. ಆಯಿಲ್ ಮೇಲಿನ ಗೆರೆ ಮುಟ್ಟಿದ್ದರೆ ಸಿರಿಂಜಿನಿಂದ ಸ್ವಲ್ಪ ತೆಗೆಯಿರಿ, ಪಿಸ್ಟನ್ ಹಿಂದೆ ಹೋದಾಗ ಅದು ಉಕ್ಕುತ್ತದೆ. ಬಣ್ಣದ ಮೇಲೆ ಬಿದ್ದರೆ ಬಣ್ಣ ಕಿತ್ತುಬರುತ್ತದೆ, ತಕ್ಷಣ ನೀರು ಹಾಕಿ ತೊಳೆಯಿರಿ.

ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಕ್ಯಾಲಿಪರಿನ ಕೆಳಗಿನ ಪಿನ್ ಬೋಲ್ಟ್ ಒಂದನ್ನು ಬಿಚ್ಚಿದರೆ ಅದು ಮೇಲಕ್ಕೆ ಮಡಚಿಕೊಳ್ಳುತ್ತದೆ. ಪಿನ್ನೇ ತಿರುಗುತ್ತಿದ್ದರೆ ಇನ್ನೊಂದು ತೆಳು ಸ್ಪ್ಯಾನರಿನಿಂದ ಅದನ್ನು ಹಿಡಿಯಿರಿ. ಪಿನ್ ಶುಚಿ ಮಾಡಲು ಹೇಗೂ ಮೇಲಿನದನ್ನೂ ಬಿಚ್ಚಬೇಕು. ಆಗ ಕ್ಯಾಲಿಪರನ್ನು ಹಗ್ಗದಿಂದ ಸಸ್ಪೆನ್ಷನ್ ಸ್ಪ್ರಿಂಗಿಗೆ ಕಟ್ಟಿ ತೂಗುಹಾಕಿ. ರಬ್ಬರ್ ಹೋಸಿನ ಮೇಲೆ ಅದರ ಭಾರ ಬಿದ್ದರೆ ಹೋಸ್ ಒಳಗಿಂದ ಹರಿಯುತ್ತದೆ. ಇಷ್ಟು ಹೊತ್ತಿನಲ್ಲಿ ಯಾರೂ ಬ್ರೇಕ್ ಪೆಡಲ್ ತುಳಿಯಬಾರದು, ಪಿಸ್ಟನ್ ಹೊರಗೆ ಹಾರುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಕಾರಿನ ಬಾಗಿಲು ಲಾಕ್ ಮಾಡಿಯೇ ಕೂರಿ.

ಹಳೆಯ ಪ್ಯಾಡ್ ಹೊರಗೆ ತೆಗೆದು ಪಕ್ಕಪಕ್ಕದಲ್ಲಿಟ್ಟು ನೋಡಿ. ಎರಡೂ ಸಮನಾಗಿ ಸವೆದಿದ್ದರೆ ಕ್ಯಾಲಿಪರ್ ಆರೋಗ್ಯವಾಗಿದೆ. ಒಳಗಿನದು ಬಹಳ ತೆಳುವಾಗಿದ್ದರೆ ಪಿನ್ ಹಿಡಿದಿದೆ ಅಥವಾ ಪಿಸ್ಟನ್ ಹಿಂದೆ ಸರಿಯುತ್ತಿಲ್ಲ. ಡಿಸ್ಕಿನ ಮೇಲೆ ಉಗುರು ಆಡಿಸಿ. ಉಗುರು ಸಿಕ್ಕಿಬೀಳುವ ಆಳದ ಗೀರು, ನೀಲಿ ಕಲೆ, ಬಿರುಕು ಇದ್ದರೆ ಹೊಸ ಪ್ಯಾಡ್ ಹಾಕುವ ಮೊದಲು ಡಿಸ್ಕ್ ಬಗ್ಗೆ ನಿರ್ಧರಿಸಬೇಕು. ಕನಿಷ್ಠ ದಪ್ಪ ಎಷ್ಟಿರಬೇಕೆಂದು ಹಲವು ಡಿಸ್ಕುಗಳ ಅಂಚಿನಲ್ಲೇ ಕೊರೆದಿರುತ್ತಾರೆ. ಅದಕ್ಕಿಂತ ಕಡಿಮೆಯಾದರೆ ಎರಡೂ ಬದಿಯ ಡಿಸ್ಕ್ ಹೊಸತು ಬೇಕು.

ಪಿನ್ನು, ಕ್ಲಿಪ್ಪು, ಪಿಸ್ಟನ್

ಈಗ ಅವಸರ ಬೇಡ. ಪಿನ್ನುಗಳನ್ನು ಎಳೆದು ತೆಗೆಯಿರಿ. ಮೇಲಿನದು, ಕೆಳಗಿನದು ಬೇರೆ ಬೇರೆ ಆಕಾರದ್ದಿರಬಹುದು, ಒಂದರ ತುದಿಗೆ ರಬ್ಬರ್ ಇರುವುದುಂಟು, ಅದಲು ಬದಲು ಮಾಡಬೇಡಿ. ಹಳೆಯ ಗ್ರೀಸ್ ಪೂರ್ತಿ ಒರೆಸಿ, ಪಿನ್ ಕೂರುವ ತೂತಿನ ಒಳಗನ್ನೂ ಕಡ್ಡಿಗೆ ಬಟ್ಟೆ ಸುತ್ತಿ ತೆಗೆಯಿರಿ. ತೆಳು ತುಕ್ಕಾದರೆ ನಯವಾದ ಸ್ಯಾಂಡ್ ಪೇಪರಿಗೆ ಹೋಗುತ್ತದೆ, ಗುಳಿ ಬಿದ್ದಿದ್ದರೆ ಹೊಸ ಪಿನ್ ಹಾಕಿ. ಸಿಲಿಕೋನ್ ಗ್ರೀಸ್ ತೆಳುವಾಗಿ ಸುತ್ತಲೂ ಹಚ್ಚಿ ಒಳಗೆ ತಳ್ಳಿದರೆ ಎರಡು ಬೆರಳಿನ ಬಲಕ್ಕೆ ಜಾರಿ ಬಂದು ಹೋಗಬೇಕು. ಬೂಟಿನ ತುಟಿ ಪಿನ್ನಿನ ಸುತ್ತ ಕೊರೆದ ಕಚ್ಚಿನಲ್ಲಿ ಸರಿಯಾಗಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ.

ಕ್ಯಾಲಿಪರನ್ನು ಹೊತ್ತ ಬ್ರಾಕೆಟಿನಲ್ಲಿ ಪ್ಯಾಡಿನ ಕಿವಿಗಳು, ಅಂದರೆ ಅದರ ಎರಡು ತುದಿಗಳು, ಕೂರುವ ಜಾಗದ ಹಳೆಯ ಕ್ಲಿಪ್ ಕಿತ್ತರೆ ಅದರಡಿ ತುಕ್ಕಿನ ಪದರ ಎದ್ದಿರುತ್ತದೆ. ಆ ಪದರವೇ ಕ್ಲಿಪ್ಪನ್ನು ಮೇಲೆತ್ತಿ ಪ್ಯಾಡನ್ನು ಬಿಗಿ ಮಾಡುವುದು. ತಂತಿ ಬ್ರಷ್ಷಿನಿಂದ ಕಬ್ಬಿಣ ಹೊಳೆಯುವವರೆಗೆ ಉಜ್ಜಿ ಹೊಸ ಕ್ಲಿಪ್ ಕೂರಿಸಿ. ಹೊಸ ಪ್ಯಾಡ್ ಅದರಲ್ಲಿ ಕೈಯಿಂದಲೇ ಜಾರಬೇಕು, ಸುತ್ತಿಗೆ ಬೇಕಾದರೆ ಎಲ್ಲೋ ತುಕ್ಕು ಉಳಿದಿದೆ.

ಪಿಸ್ಟನ್ನಿನ ಮೇಲೆ ಹಳೆಯ ಪ್ಯಾಡ್ ಅಡ್ಡ ಇಟ್ಟು ಸಿ-ಕ್ಲಾಂಪಿನಿಂದ ನಿಧಾನವಾಗಿ, ನೇರವಾಗಿ ಒಳಗೆ ಒತ್ತಿ. ಒಂದು ಸುತ್ತು ಬಿಗಿದು ಸ್ವಲ್ಪ ನಿಲ್ಲಿ, ಆಯಿಲ್ ಡಬ್ಬಿ ನೋಡಿ, ಮತ್ತೆ ಬಿಗಿಯಿರಿ. ಎಷ್ಟು ಬಿಗಿದರೂ ಕದಲದಿದ್ದರೆ ಬಲ ಹಾಕಬೇಡಿ, ಅದು ಮೆಕ್ಯಾನಿಕ್ ನೋಡಬೇಕಾದ ಕ್ಯಾಲಿಪರ್.

ಜೋಡಿಸುವುದು

ಕಿರಿಚುವ ನಾಲಿಗೆಯುಳ್ಳ ಪ್ಯಾಡ್ ಹಳೆಯದರಲ್ಲಿ ಯಾವ ಕಡೆ ಇತ್ತೋ ಆ ಕಡೆಗೇ ಹಾಕಿ. ಪ್ಯಾಡಿನ ಬೆನ್ನಿಗೆ, ಕಿವಿಗಳಿಗೆ ಒಂದು ಸವರು ಗ್ರೀಸ್ ಸಾಕು. ಉಜ್ಜುವ ಮೈಗಾಗಲಿ ಡಿಸ್ಕಿಗಾಗಲಿ ಒಂದು ಹನಿ ತಾಗಿದರೂ ಕ್ಲೀನರಿನಿಂದ ತೊಳೆಯಿರಿ. ಕ್ಯಾಲಿಪರ್ ಇಳಿಸಿ, ಬೋಲ್ಟನ್ನು ಮೊದಲು ಕೈಯಲ್ಲಿ ತಿರುಗಿಸಿ ಎಳೆ ಹಿಡಿದ ಮೇಲೆ ಸ್ಪ್ಯಾನರ್ ಹಾಕಿ. ಗಾಲಿ ಕೂರಿಸಿ ನಟ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ, ಕಾರು ಇಳಿಸಿದ ಮೇಲೆ ಕೊನೆಯ ಬಿಗಿ.

ಎರಡೂ ಬದಿ ಮುಗಿದ ಕೂಡಲೇ, ಎಂಜಿನ್ ಶುರು ಮಾಡುವ ಮೊದಲೇ, ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ಒತ್ತಿ. ಮೊದಲ ಒತ್ತು ನೆಲಕ್ಕೇ ಹೋಗುತ್ತದೆ. ಪಿಸ್ಟನ್ನಿಗೂ ಪ್ಯಾಡಿಗೂ ನಡುವೆ ನೀವೇ ಮಾಡಿದ ಅಂತರ ಅದು. ಇದನ್ನು ಮರೆತು ಕಾರು ಹೊರಟರೆ ಗೇಟಿನ ಹತ್ತಿರ ಬ್ರೇಕೇ ಇರುವುದಿಲ್ಲ. ಆಮೇಲೆ ಆಯಿಲ್ ಮಟ್ಟ ನೋಡಿ ಮುಚ್ಚಳ ಬಿಗಿಯಿರಿ. ಕಡಿಮೆಯಿದ್ದರೆ ಮುಚ್ಚಳದ ಮೇಲೆ ಬರೆದ ದರ್ಜೆಯದನ್ನೇ, ಹೊಸ ಡಬ್ಬಿ ಒಡೆದು ಹಾಕಿ.

ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಬೇಕು. ಭಾನುವಾರ ಬೆಳ್ಳಂಬೆಳಗ್ಗೆ, ಹಿಂದೆ ಮುಂದೆ ವಾಹನವಿಲ್ಲದ ಸಮತಟ್ಟು ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ಕ್ಕೆ, ಮಧ್ಯಮ ಒತ್ತಡದಲ್ಲಿ, ಪೂರ್ತಿ ನಿಲ್ಲಿಸದೆ ಇಳಿಸಿ. ಹೀಗೆ ಎಂಟು ಹತ್ತು ಸಲ, ನಡುನಡುವೆ ಅರ್ಧ ನಿಮಿಷ ಗಾಳಿಗೆ ತಣಿಯಲು ಬಿಟ್ಟು. ಮೊದಲ 200 ಕಿ.ಮೀ.ವರೆಗೆ ಘಾಟಿಯ ಪ್ರಯಾಣ ಬೇಡ. ಮನೆಗೆ ಬಂದು ಗಾಲಿಗಳ ಹತ್ತಿರ ಅಂಗೈ ಒಡ್ಡಿ ನೋಡಿ, ಮುಟ್ಟಬೇಡಿ. ಒಂದು ಬದಿ ಮಾತ್ರ ಹೆಚ್ಚು ಬಿಸಿಯಿದ್ದರೆ ಆ ಬದಿಯ ಪಿನ್ನನ್ನೋ ಪಿಸ್ಟನ್ನನ್ನೋ ಮತ್ತೆ ನೋಡಬೇಕು. ಮರುದಿನ ವೀಲ್ ನಟ್ಟುಗಳಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ.

ನಮ್ಮ ಮನೆಯಲ್ಲಿ ಈಗ ಪ್ಯಾಡ್ ಸವೆಯಲಿ ಬಿಡಲಿ, ಮೇ ಕೊನೆಯಲ್ಲಿ ಮಳೆ ಹಿಡಿಯುವ ಮೊದಲು ಒಮ್ಮೆ, ದೀಪಾವಳಿಯ ಹೊತ್ತಿಗೆ ಇನ್ನೊಮ್ಮೆ ಮುಂದಿನ ಎರಡೂ ಗಾಲಿ ಬಿಚ್ಚಿ ಪಿನ್ ಎಳೆದು ಒರೆಸಿ ಗ್ರೀಸ್ ಹಚ್ಚುತ್ತೇವೆ. ಕೈ ಪಳಗಿದ ಮೇಲೆ ಎರಡೂ ಬದಿಗೆ ಸೇರಿ ಒಂದು ಗಂಟೆ. ಒಳಗಿನ ಪ್ಯಾಡ್ ಎಷ್ಟು ಮಿ.ಮೀ. ಉಳಿದಿದೆ ಎಂದು ತಾರೀಖಿನ ಸಮೇತ ಕಾರಿನ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡುತ್ತೇವೆ.